ಇವತ್ತಿಗೆ ಸರಿ ಎನ್ನುತ್ತಿದ್ದವರು

ಬಸ್ಸಿಗೆ ಒಂದು ಸುತ್ತು ಬಂದು ಆಮೇಲೆ ಹತ್ತುವ ಮನುಷ್ಯರನ್ನು ನಾನು ನೋಡಿದ್ದು ಒಬ್ಬರನ್ನೇ. ಪುತ್ತೂರಿನಲ್ಲಿ ಸುಳ್ಯದ ಬಸ್ಸು ಹೊರಡಲು ತಯಾರಾಗಿ ನಿಂತಿತ್ತು. ನಾನು ಹೆಂಗಸರ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಖಾಕಿ ಪ್ಯಾಂಟು, ಅರ್ಧ ತೋಳಿನ ಬಿಳಿ ಅಂಗಿ ಹಾಕಿದ, ನಲವತ್ತರ ಹತ್ತಿರದ ಒಬ್ಬರು ತಗಡಿನ ಪೆಟ್ಟಿಗೆ ಹಿಡಿದು ಬಂದರು. ಬಂದವರು ಹತ್ತಲಿಲ್ಲ. ಪೆಟ್ಟಿಗೆ ಕೆಳಗಿಟ್ಟು ಮುಂದಿನ ಚಕ್ರದಿಂದ ಶುರುಮಾಡಿ ಒಂದೊಂದನ್ನೂ ಬಗ್ಗಿ ನೋಡುತ್ತ, ಮುಟ್ಟುತ್ತ ಹಿಂದಕ್ಕೆ ಹೋದರು.

"ಎಂತ ಸ್ವಾಮಿ, ಬಸ್ಸು ಕ್ರಯಕ್ಕೆ ತಗೊಳ್ತೀರಾ?" ಎಂದು ಡ್ರೈವರ್ ಕೇಳಿದ. ಬಸ್ಸಿನೊಳಗೆ ನಗು ಎದ್ದಿತು.

"ಹಿಂದೆ ಎಡಗಡೆ ಚಕ್ರದ ಒಂದು ನಟ್ಟು ಸಡಿಲ ಇದೆ. ಬಿಗಿ ಮಾಡಿ."

"ಅದು ಮೊನ್ನೆಯಿಂದ ಹಾಗೇ ಉಂಟು. ಎಂತ ಆಗುದಿಲ್ಲ."

"ಮೊನ್ನೆಯಿಂದ ಆಗಿಲ್ಲ. ಇವತ್ತಿನ ವಿಷಯ ಇವತ್ತು ನೋಡಬೇಕು" ಎಂದು ಅವರು ಆ ಚಕ್ರದ ಪಕ್ಕದಲ್ಲೇ ನಿಂತುಬಿಟ್ಟರು. ಸಿಟ್ಟಿಲ್ಲ, ಜೋರಿಲ್ಲ. ಹೊತ್ತಾಯಿತು ಮಾರಾಯ್ರೆ ಎಂದು ಬಸ್ಸಿನೊಳಗಿನವರು ಗೊಣಗಿದರೂ ಕದಲಲಿಲ್ಲ. ಕೊನೆಗೆ ಡ್ರೈವರ್ ಸ್ಪ್ಯಾನರ್ ಹಿಡಿದು ಇಳಿಯಲೇಬೇಕಾಯಿತು. ನಟ್ಟು ಬಿಗಿಯಾದ ಮೇಲೆ ಇವರು ಬೆರಳಿನಿಂದ ಅದನ್ನು ಒಮ್ಮೆ ಅಲುಗಿಸಿ ನೋಡಿ, "ಇವತ್ತಿಗೆ ಸರಿ" ಎಂದು ಬಸ್ಸು ಹತ್ತಿದರು.

ಬೇರೆಯವರಿಗೆ ಅದು ತಮಾಷೆ. ನನಗೆ ಹಾಗಾಗಲಿಲ್ಲ, ಏಕೆಂದರೆ ನಾನು ಡ್ರೈವರನ ಮಗಳು. ನನ್ನ ಅಪ್ಪ ಪುತ್ತೂರಿನಿಂದ ಮಡಿಕೇರಿಗೆ ಹನ್ನೊಂದು ವರ್ಷ ಬಸ್ಸು ಓಡಿಸಿದವರು. ಪ್ರತಿ ವರ್ಷ ಷಷ್ಠಿಗೆ ಸುಬ್ರಹ್ಮಣ್ಯಕ್ಕೆ ಹೋಗಿ ಒಂದು ಕಪ್ಪು ದಾರ ತಂದು ಸ್ಟೇರಿಂಗಿಗೆ ಕಟ್ಟುತ್ತಿದ್ದರು. ಒಂದು ವರ್ಷ ಜ್ವರ ಬಂದು ಹೋಗಲಾಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಕಲ್ಲುಗುಂಡಿಯ ಹತ್ತಿರದ ಒಂದು ತಿರುವಿನಲ್ಲಿ ಬ್ರೇಕು ಹಿಡಿಯದೆ ಬಸ್ಸು ರಸ್ತೆ ಬದಿಯ ಮಣ್ಣಿನ ದರೆಗೆ ಗುದ್ದಿತು. ಜನರಿಗೆ ಏನೂ ಆಗಲಿಲ್ಲ. ಅಪ್ಪನ ಬಲಗಾಲು ಮಾತ್ರ ಮತ್ತೆ ಯಾವ ಬ್ರೇಕನ್ನೂ ತುಳಿಯುವ ಹಾಗೆ ಉಳಿಯಲಿಲ್ಲ. ದಾರ ಕಟ್ಟದೇ ಇದ್ದದ್ದರಿಂದಲೇ ಹೀಗಾಯಿತು ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಬ್ರೇಕಿನ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದವರಲ್ಲ.

ಬಸ್ಸಿನಲ್ಲಿ ಕಂಡ ಆ ಮನುಷ್ಯರು ನಮ್ಮ ಶಾಲೆಗೇ ಹೊರಟಿದ್ದವರು ಎಂದು ನನಗೆ ಮರುದಿನ ಗೊತ್ತಾಯಿತು. ಅರವತ್ತರ ದಶಕ ಮುಗಿಯುತ್ತ ಬಂದ ಒಂದು ಬೇಸಗೆ. ಸುಳ್ಯದಿಂದ ಸುಬ್ರಹ್ಮಣ್ಯದ ದಾರಿಯಲ್ಲಿ ಒಳಕ್ಕಿರುವ ಒಂದು ಊರಿನ ಶಾಲೆಯಲ್ಲಿ ನಾನು ಟೀಚರು. ಆಚೆ ಗುಡ್ಡದಲ್ಲಿ ಹೊಸ ರಬ್ಬರ್ ತೋಟ ಆಗಿತ್ತು. ಮಳೆ ಹಿಡಿದ ಮೇಲೆ ಮರಗಳಿಗೆ ಎಲೆ ಉದುರುವ ರೋಗ ಬರುತ್ತದೆ, ಅದಕ್ಕೆ ಮೊದಲೇ ಹೆಲಿಕಾಪ್ಟರಿನಿಂದ ಮದ್ದು ಬಿಡುವುದು ಎಂದು ತೋಟದವರು ಗೊತ್ತುಮಾಡಿದ್ದರು. ಇಳಿಯಲು ಸಮತಟ್ಟಾದ ಜಾಗ ಬೇಕಲ್ಲ, ರಜೆಯಲ್ಲಿ ಖಾಲಿ ಬಿದ್ದ ನಮ್ಮ ಶಾಲೆಯ ಮೈದಾನ ಅವರ ಕಣ್ಣಿಗೆ ಬಿತ್ತು. ಹೆಡ್ಮಾಸ್ಟರು ಬೀಗದ ಕೈಗೊಂಚಲನ್ನು ನನಗೆ ಕೊಟ್ಟು ಕಾಸರಗೋಡಿನ ಹೆಂಡತಿ ಮನೆಗೆ ಹೋದರು. ಹಿಂದಿನ ವರ್ಷ ಬೇರೆಲ್ಲೋ ಇಂಥದೇ ಕೆಲಸದಲ್ಲಿ ಒಂದು ಹೆಲಿಕಾಪ್ಟರ್ ಬಿದ್ದಿತ್ತಂತೆ. ಹಾಗಾಗಿ ಯಂತ್ರ ಹಾರಲು ಯೋಗ್ಯ ಇದೆಯೋ ಇಲ್ಲವೋ ಎಂದು ದಿನಾ ಬೆಳಗ್ಗೆ ನೋಡಿ ಪುಸ್ತಕದಲ್ಲಿ ಸಹಿ ಹಾಕಲಿಕ್ಕೆ ಸರಕಾರ ಒಬ್ಬ ಇನ್ಸ್‌ಪೆಕ್ಟರನ್ನು ಕಳಿಸಿತ್ತು. ಅವರೇ ಇವರು. ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸಂಕೋಚ ಆದೀತು ಎಂದು, ಅವರು ಇಲ್ಲದ ಮೇಲೂ ನನಗೆ ಅನಿಸುತ್ತದೆ.

ಇನ್ಸ್‌ಪೆಕ್ಟರ್ ಎಂದರೆ ನಮ್ಮೂರಿಗೆ ಗೊತ್ತಿದ್ದದ್ದು ಪೊಲೀಸು. ಕಳ್ಳಭಟ್ಟಿ ಇಳಿಸುವ ಒಬ್ಬ ನಾಲ್ಕು ದಿನ ಮರ್ಕಂಜದ ಅಕ್ಕನ ಮನೆಯಲ್ಲಿ ಅಡಗಿದ್ದ. ಐದನೆಯ ದಿನ ವಾಪಸು ಬಂದು, ಮೈದಾನದ ಬದಿಯಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಹೊತ್ತು ಹೆಲಿಕಾಪ್ಟರ್ ನೋಡಿದವನೂ ಅವನೇ.

ಅವರ ಕೆಲಸ ನೋಡುವುದೇ ಒಂದು ಚೆಂದ. ಬೆಳಗ್ಗೆ ಏಳಕ್ಕೆ ಸುಳ್ಯದ ಬಂಗಲೆಯಿಂದ ಜೀಪಿನಲ್ಲಿ ಬರುತ್ತಿದ್ದರು. ಬಂದವರೇ ಶಾಲೆಯ ಜಗಲಿಯಲ್ಲಿ ನೀಲಿ ಅಂಚಿನ ಒಂದು ಟವೆಲು ಹಾಸಿ, ಜೇಬಿನಲ್ಲಿದ್ದುದನ್ನೆಲ್ಲ ತೆಗೆದು ಅದರ ಮೇಲೆ ಸಾಲಾಗಿ ಇಡುತ್ತಿದ್ದರು. ಪೆನ್ನು, ಬಾಚಣಿಗೆ, ಪರ್ಸು, ಕೈಗಡಿಯಾರ, ಬೀಗದ ಕೈ, ಕನ್ನಡಕದ ಪೆಟ್ಟಿಗೆ, ನಶ್ಯದ ಡಬ್ಬಿ. "ಏಳು" ಎಂದು ಗಟ್ಟಿಯಾಗಿ ಹೇಳಿ ಖಾಲಿ ಜೇಬಿನಲ್ಲಿ ಯಂತ್ರದ ಹತ್ತಿರ ಹೋಗುವರು. ಸ್ಕ್ರೂ, ತಂತಿ, ಕೊಳವೆ ಒಂದೊಂದನ್ನೂ ಮುಟ್ಟುವರು. ಹಲಸಿನಕಾಯಿ ಬೆಳೆದಿದೆಯಾ ಎಂದು ನಾವು ಬಡಿದು ಕೇಳುತ್ತೇವಲ್ಲ, ಹಾಗೆ ಕೆಲವು ಕಡೆ ಬೆರಳಿನಿಂದ ಬಡಿದು ಕಿವಿಗೊಡುವರು. ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಸ್ವಲ್ಪ ಬಸಿದು, ಬೆಳಕಿಗೆ ಹಿಡಿದು, ನೀರಿನ ಹನಿ ಉಂಟಾ ಎಂದು ನೋಡುವರು. ಎಲ್ಲ ಮುಗಿಸಿ ಬಂದು ಟವೆಲಿನ ಮುಂದೆ ಬಗ್ಗಿ ಮತ್ತೆ "ಏಳು" ಎನ್ನುವರು. ಒಂದು ಕಡಿಮೆಯಾದರೆ ಅದು ಯಂತ್ರದ ಹೊಟ್ಟೆಯಲ್ಲಿ ಬಿದ್ದಿದೆ ಎಂದೇ ಲೆಕ್ಕ. ಏಳು ಸರಿಯಾದರೆ ಪುಸ್ತಕದಲ್ಲಿ ಸಹಿ ಹಾಕಿ ಪೈಲೆಟಿಗೆ, "ಇವತ್ತಿಗೆ ಸರಿ" ಎನ್ನುವರು. ಬರೀ "ಸರಿ" ಎಂದದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ.

ಒಂದು ದಿನ ಆರೇ ಇತ್ತು. ಅದು ಪೂಜೆಯ ದಿನ. ಹೊಸ ಬಸ್ಸು ಬಂದರೆ ಪೂಜೆ ಮಾಡುವ ಊರಿನವರು ಹೆಲಿಕಾಪ್ಟರನ್ನು ಬಿಟ್ಟಾರೆಯೇ. ಭಟ್ಟರು ತೆಂಗಿನಕಾಯಿ, ಕುಂಕುಮ, ಹೂವಿನ ಮಾಲೆ ಹಿಡಿದು ಬಂದರು. ಇವರು ಬೇಡವೆನ್ನಲಿಲ್ಲ. "ಪೂಜೆ ಮಾಡಿ. ಎಲ್ಲ ನೆಲದ ಮೇಲೆ ಇರಲಿ. ಯಂತ್ರಕ್ಕೆ ಒಂದು ಎಸಳೂ ತಾಗುವುದು ಬೇಡ" ಎಂದರು. ಆಮೇಲೆ ಸಂಕಟಕ್ಕೆ ಬಂದದ್ದು ನಿಂಬೆಹಣ್ಣಿನ ವಿಷಯ.

"ಚಕ್ರವೇ ಇಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿ ಇಡುದು ಮಾರಾಯ್ರೆ?" ಎಂದು ಭಟ್ಟರು ತಲೆ ಕೆರೆದುಕೊಂಡರು. ಕೊನೆಗೆ ಜಗಲಿಯ ಮೆಟ್ಟಿಲಲ್ಲಿಟ್ಟರು. ಆರತಿ ಆಗುವಾಗ ಇನ್ಸ್‌ಪೆಕ್ಟರು ಬೂಟು ಕಳಚಿ ಕೈ ಮುಗಿದು ನಿಂತಿದ್ದರು. ಮಂಗಳಾರತಿ ತೆಗೆದುಕೊಂಡು, ಬಗ್ಗಿ ಹೂವಿನ ಎಸಳುಗಳನ್ನು ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕಿದರು. ಎಲ್ಲ ಆಗಿ ಟವೆಲಿನ ಹತ್ತಿರ ಬಂದರೆ ನಶ್ಯದ ಡಬ್ಬಿ ಇಲ್ಲ. ತಾವು ಅದನ್ನು ಮುಟ್ಟಿಯೇ ಇಲ್ಲ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಆದರೂ ಯಂತ್ರವನ್ನು ಮತ್ತೆ ಮೊದಲಿನಿಂದ ನೋಡತೊಡಗಿದರು. ಒಂದೂವರೆ ಗಂಟೆಯಾದ ಮೇಲೆ ಭಟ್ಟರು ಬೆವರುತ್ತ ಓಡಿ ಬಂದರು. ಟವೆಲಿನ ಮೇಲಿದ್ದ ಡಬ್ಬಿಯಿಂದ ಒಂದು ಚಿಟಿಕೆ ಏರಿಸಿ, ಅಭ್ಯಾಸಬಲದಿಂದ ಅದನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋಗಿದ್ದರು. ಇನ್ಸ್‌ಪೆಕ್ಟರು ಡಬ್ಬಿಯನ್ನು ಟವೆಲಿನ ಮೇಲಿಟ್ಟು "ಏಳು" ಎಂದರು. ಆಮೇಲೆ ಭಟ್ಟರಿಗೇ ಇನ್ನೊಂದು ಚಿಟಿಕೆ ಕೊಟ್ಟರು.

ನನಗೂ ಅವರಿಗೂ ಮಾತು ಶುರುವಾದದ್ದು ಗಾಳಿಚೀಲದಿಂದ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಪೈಲೆಟಿಗೆ ಮೇಲಿನಿಂದ ಕಾಣಬೇಕು, ಅದಕ್ಕೆ ಕಂಬದ ತುದಿಗೆ ಬಟ್ಟೆಯ ಉದ್ದನೆಯ ಚೀಲ ಕಟ್ಟುತ್ತಾರೆ. ತಂದಿದ್ದ ಚೀಲ ಹರಿದಿತ್ತು. "ಟೀಚರ್, ನಿಮಗೆ ಹೊಲಿಗೆ ಬರುತ್ತದೆಯೇ?" ಎಂದು ಕೇಳಿದರು. ನಾನು ನನ್ನ ಹಳೆಯ ಕೆಂಪು ವಾಯಿಲ್ ಸೀರೆಯನ್ನು ಕತ್ತರಿಸಿ ಹೊಲಿದುಕೊಟ್ಟೆ. ಅವರು ಹೊಲಿಗೆಯನ್ನೂ ಬಿಡಲಿಲ್ಲ, ಉದ್ದಕ್ಕೂ ಬೆರಳಾಡಿಸಿ ನೋಡಿದರು. ಒಂದು ಕಡೆ ಎರಡು ಹೊಲಿಗೆ ಬಿಟ್ಟಿತ್ತು. ಅದನ್ನು ತೋರಿಸಿ ಸುಮ್ಮನೆ ನಿಂತರು. ನಾನು ಮತ್ತೆ ಹೊಲಿದೆ. "ಇವತ್ತಿಗೆ ಸರಿ" ಎಂದರು. ಅಷ್ಟಕ್ಕೇ ನನ್ನ ಮುಖ ಬಿಸಿಯಾಯಿತು.

ಸುತ್ತುಬಳಸು ಬೇಡ. ನನಗೆ ಅವರ ಮೇಲೆ ಮನಸ್ಸಾಗಿತ್ತು. ನನಗೆ ಆಗ ಇಪ್ಪತ್ತಾರು. ಅವರು ಮೈಸೂರು ಕಡೆಯವರು, ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು ಎಂದು ಪೈಲೆಟು ಹೇಳಿ ಗೊತ್ತು. ನನ್ನೊಡನೆ ಅವರು ಆಡಿದ್ದೆಲ್ಲ ಕೆಲಸದ ಮಾತು, ಅಥವಾ ಕುಚ್ಚಲಕ್ಕಿಯ ಮಾತು. ಬಂಗಲೆಯ ಅಡುಗೆಯವನು ಬಡಿಸಿದ ಕುಚ್ಚಲಕ್ಕಿ ಅನ್ನದ ಅಗುಳನ್ನು ಬೆರಳಲ್ಲಿ ಹಿಚುಕಿ, "ಇದು ಬೆಂದಿದೆಯೇ?" ಎಂದು ದಿನಾ ಕೇಳುತ್ತಿದ್ದರಂತೆ. ಅನ್ನಕ್ಕೂ ಇನ್ಸ್‌ಪೆಕ್ಷನ್ ಮಾಡ್ತಾರೆ ಎಂದು ಅವನು ಊರಿಡೀ ಹೇಳಿಕೊಂಡು ಬಂದಿದ್ದ. ತೋಟದ ಮ್ಯಾನೇಜರು ದಿನಾ ಬೆಳಗ್ಗೆ ಗಡಿಯಾರ ತೋರಿಸಿ ಬೇಗ ಬೇಗ ಎನ್ನುವರು. ಇವರು, "ಅವಸರ ಇರುವುದು ನೆಲದ ಮೇಲೆ ಮಾತ್ರ. ಮೇಲೆ ಹೋದವರಿಗೆ ಅವಸರ ಇರುವುದಿಲ್ಲ" ಎನ್ನುವರು. ಮ್ಯಾನೇಜರು ಅದನ್ನು ಕೇಳಿ ಜೀಪಿನ ಬಾಗಿಲನ್ನು ದಡಾರನೆ ಹಾಕಿಕೊಳ್ಳುವರು.

ಯಾವುದಾದರೂ ಭಾಗವನ್ನು ಬದಲಾಯಿಸಿದ ದಿನ ಇನ್ಸ್‌ಪೆಕ್ಟರೂ ಪೈಲೆಟಿನ ಜೊತೆ ಕೂತು ಒಂದು ಸುತ್ತು ಹಾರಿ ಬರುತ್ತಿದ್ದರು. ತಾವು ಸಹಿ ಹಾಕಿದ್ದರಲ್ಲಿ ತಾವು ಮೊದಲು ಕೂರಬೇಕು ಎಂಬುದು ಅವರ ನಿಯಮ. ಹಾಗೆ ಹೋದ ಒಂದು ದಿನ ಹತ್ತು ನಿಮಿಷದಲ್ಲಿ ಬರಬೇಕಾದವರು ಬರಲಿಲ್ಲ. ಗುಡ್ಡದ ಆಚೆ ಸದ್ದು ಸಣ್ಣದಾಗಿ, ಆಮೇಲೆ ಕೇಳಿಸದೇ ಹೋಯಿತು. ಕಾಲು ಗಂಟೆ, ಅರ್ಧ ಗಂಟೆ, ಒಂದು ಗಂಟೆ. ಮ್ಯಾನೇಜರು ಜೀಪು ತೆಗೆದುಕೊಂಡು ಹೋದರು. ನಾನು ಜಗಲಿಯಲ್ಲಿ ಟವೆಲಿನ ಪಕ್ಕ ಕೂತು ಏಳು ಸಾಮಾನು ನೋಡುತ್ತಿದ್ದೆ. ಕೈಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಅಪ್ಪನ ಬಸ್ಸು ಹೊತ್ತಿಗೆ ಬಾರದ ದಿನ ಅಮ್ಮ ಒಲೆಯ ಮುಂದೆ ಹೇಗೆ ಕೂತಿದ್ದಳು ಎಂದು ನೆನಪಾಯಿತು.

ಅವರು ಬಂದರು. ಕಣಿವೆಯಲ್ಲಿ ಮಂಜು ಕವಿದು, ಕೊಯ್ಲಾದ ಒಂದು ಗದ್ದೆಯಲ್ಲಿ ಇಳಿದು ಕೂತಿದ್ದರಂತೆ. ಗದ್ದೆಯವರು ಬೆಲ್ಲ ನೀರು ಕೊಟ್ಟರು ಎಂದು ನಗುತ್ತ ಹೇಳಿದರು. ನನಗೆ ನಗಲಾಗಲಿಲ್ಲ.

ಮರುದಿನ ಬೆಳಗ್ಗೆ ನಾನು ಸುಬ್ರಹ್ಮಣ್ಯದ ಬಸ್ಸು ಹತ್ತಿದೆ. ಎರಡು ಕಪ್ಪು ದಾರ ತಂದೆ. ಒಂದು ಪೈಲೆಟಿಗೆ, ಇನ್ನೊಂದು ಅವರಿಗೆ.

ಯಂತ್ರಕ್ಕೆ ಒಂದು ಎಸಳೂ ತಾಗಬಾರದು ಎಂದು ಅವರು ಹೇಳಿದ್ದನ್ನು ನಾನು ಮರೆತಿರಲಿಲ್ಲ. ಆದರೆ ಹೂವು ಬೇರೆ, ದಾರ ಬೇರೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆಲಿಕಾಪ್ಟರಿಗೆ ಕಾವಲಿದ್ದವರು ನಮ್ಮೂರಿನ ಪಕ್ರಬ್ಬ ಕಾಕ, ಐವತ್ತು ದಾಟಿದ ಬ್ಯಾರಿಗಳು. ಸಂಜೆ ಮಗ್ರಿಬಿನ ಹೊತ್ತಿಗೆ ಮಸೀದಿಗೆ ಹೋಗುವಾಗ ಅವರು ನನ್ನನ್ನು ಕರೆಯುತ್ತಿದ್ದರು. "ಟೀಚರೇ, ಒಂದು ಕಾಲು ಗಂಟೆ ನೋಡಿಕೊಳ್ಳಿ, ನಮಾಜು ಮುಗಿಸಿ ಬಂದೆ" ಎಂದು ಹೇಳಿ ಹೋಗುವರು. ಅವತ್ತೂ ಹೇಳಿ ಹೋದರು. ನಾನು ಒಂದು ದಾರವನ್ನು ಹೆಲಿಕಾಪ್ಟರಿನ ಕಾಲಿಗೆ ಕಟ್ಟಿದೆ. ಇನ್ನೊಂದು ಯಾರಿಗೂ ಕಾಣಬಾರದು ಎಂದು ಬಾಲದ ಕಡೆಗೆ ಹೋದೆ. ಅಲ್ಲಿ ಮುಚ್ಚಿಗೆ ಇಲ್ಲ, ಬರೀ ಕೊಳವೆಗಳ ಹಂದರ. ಒಳಗೆ ಕೈ ಹಾಕಿ, ಬಾವಿಯ ರಾಟೆಯ ಹಾಗಿದ್ದ ಒಂದು ಸಣ್ಣ ಚಕ್ರದ ಪಕ್ಕದ ಕೊಳವೆಗೆ ಮೂರು ಗಂಟು ಹಾಕಿದೆ. ಕಾಕ ಬರುವಾಗ ಜಗಲಿಯಲ್ಲಿ ಕೂತಿದ್ದೆ.

ಬೆಳಗ್ಗೆ ಇನ್ಸ್‌ಪೆಕ್ಟರು "ಏಳು" ಎಂದು ಹೋಗಿ, ಹೋದ ಎರಡೇ ನಿಮಿಷಕ್ಕೆ ವಾಪಸು ಬಂದರು. ಅಂಗೈಯಲ್ಲಿ ಕಾಲಿಗೆ ಕಟ್ಟಿದ ದಾರ ಇತ್ತು.

"ಇದನ್ನು ಯಾರು ಕಟ್ಟಿದ್ದು?"

ಯಾರೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಮ್ಯಾನೇಜರು ಕಾಕನ ಕಡೆ ತಿರುಗಿದರು. "ಕಾವಲಿನವ ನೀನು. ರಾತ್ರಿ ಯಾರು ಬಂದದ್ದು?"

"ಯಾರೂ ಬರ್ಲಿಲ್ಲ ಸ್ವಾಮಿ. ನಾನು ನಮಾಜಿಗೆ ಒಮ್ಮೆ ಹೋಗಿದ್ದೆ."

"ಹೋಗುವಾಗ ಯಾರಿದ್ದರು ಇಲ್ಲಿ?"

ಕಾಕ ನೆಲ ನೋಡಿದರು. "ಯಾರೂ ಇರ್ಲಿಲ್ಲ" ಎಂದರು. ನಾನು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ.

"ಹಾಗಾದರೆ ನಾಳೆಯಿಂದ ಬರುವುದು ಬೇಡ" ಎಂದರು ಮ್ಯಾನೇಜರು. ಆಮೇಲೆ ಇನ್ಸ್‌ಪೆಕ್ಟರಿಗೆ, "ದಾರ ಸಿಕ್ಕಿತಲ್ಲ ಸಾರ್, ಸಹಿ ಹಾಕಿ. ಮೋಡ ಕಟ್ಟಿದೆ" ಎಂದರು.

"ಒಂದು ಸಿಕ್ಕಿದೆ. ಎಷ್ಟು ಕಟ್ಟಿದ್ದಾರೆ ಅಂತ ಗೊತ್ತಿಲ್ಲ" ಎಂದರು ಇನ್ಸ್‌ಪೆಕ್ಟರು. ಸುತ್ತ ನಿಂತ ನಮ್ಮೆಲ್ಲರನ್ನೂ ನೋಡಿ, ಪಾಠ ಹೇಳುವ ಹಾಗೆ ನಿಧಾನವಾಗಿ ಹೇಳಿದರು. "ಕಟ್ಟಿದವರು ಯಾರು ಅಂತ ನನಗೆ ಬೇಕಾಗಿಲ್ಲ. ಎಲ್ಲೆಲ್ಲಿ ಕಟ್ಟಿದ್ದಾರೆ ಅಂತ ಬೇಕು. ಅದು ತಿಳಿಯುವ ತನಕ ಇದು ಹಾರುವುದಿಲ್ಲ."

ಅವರು ಮೂತಿಯಿಂದ ಶುರುಮಾಡಿದರು. ಒಂದೊಂದೇ ಮುಚ್ಚಳ ಬಿಚ್ಚಿ, ಸ್ಕ್ರೂಗಳನ್ನು ಬಟ್ಟಲಲ್ಲಿಟ್ಟು, ಟಾರ್ಚು ಬಿಟ್ಟು ನೋಡುವರು, ಮತ್ತೆ ಮುಚ್ಚುವರು. ಒಂಬತ್ತಾಯಿತು, ಹನ್ನೊಂದಾಯಿತು. ಮ್ಯಾನೇಜರು ಸುಳ್ಯಕ್ಕೆ ಹೋಗಿ ಎಲ್ಲಿಗೋ ತಂತಿ ಕೊಟ್ಟು ಬಂದರು. ಮಧ್ಯಾಹ್ನ ಇನ್ಸ್‌ಪೆಕ್ಟರಿಗೇ ಒಂದು ತಂತಿ ಬಂತು. ತಡಕ್ಕೆ ಕಾರಣ ತಿಳಿಸಿ ಎಂದು ಅವರ ಮೇಲಿನವರು ಕೇಳಿದ್ದರು. ಓದಿ ಮಡಚಿ ಟವೆಲಿನಡಿಯಲ್ಲಿಟ್ಟರು. ಊಟಕ್ಕೂ ಹೋಗಲಿಲ್ಲ. ಕಾಕ ಗೇಟಿನ ಹೊರಗೆ ಕಂಬಳಿ ಮಡಚಿ ಇಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದರು. ಬರಬೇಡ ಎಂದರೂ ಅವರು ಹೋಗಿರಲಿಲ್ಲ.

ನಾನು ಕ್ಲಾಸು ಕೋಣೆಯೊಳಗೆ ಬಾಗಿಲು ಹಾಕಿ ಕೂತಿದ್ದೆ. ಹೇಳಿದರೆ ಊರು ಏನೆಂದೀತು, ಮದುವೆಯಾಗದ ಟೀಚರು ಪರವೂರಿನ ಗಂಡಸಿಗೆ ದಾರ ಕಟ್ಟಿದಳು ಎಂದು ಪುತ್ತೂರಿನವರೆಗೂ ಸುದ್ದಿ ಹೋದರೆ ಅಪ್ಪನ ಮುಖ ಹೇಗಾದೀತು ಎಂದೆಲ್ಲ ಲೆಕ್ಕ ಹಾಕಿದೆ. ಸಂಜೆಯೊಳಗೆ ಅವರೇ ಕಂಡುಹಿಡಿಯಲಿ ಎಂದು ಸುಬ್ರಹ್ಮಣ್ಯನಿಗೇ ಹರಕೆ ಹೇಳಿದೆ. ಕಿಟಕಿಯಿಂದ ನೋಡಿದರೆ ಅವರು ಇನ್ನೂ ಎಂಜಿನಿನ ಹತ್ತಿರವೇ ಇದ್ದರು, ಅಂಗಿ ಬೆನ್ನಿಗೆ ಅಂಟಿತ್ತು. ಆಚೆ ಕಾಕ ಟೊಪ್ಪಿ ಸರಿಮಾಡಿಕೊಂಡು ಇಳಿಹೊತ್ತಿನ ಅಸರ್ ನಮಾಜಿಗೆ ಎದ್ದರು. ಎದ್ದವರು ಅಭ್ಯಾಸದಿಂದ ಶಾಲೆಯ ಕಡೆ ತಿರುಗಿದರು, ನನ್ನನ್ನು ಕರೆಯಲಿಕ್ಕೆ. ಆಮೇಲೆ ನೆನಪಾಗಿ ಸುಮ್ಮನೆ ಹೋದರು.

ನಾನು ಬಾಗಿಲು ತೆಗೆದು ಮೈದಾನಕ್ಕೆ ಇಳಿದೆ.

"ಇನ್ನೊಂದು ಉಂಟು" ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ. "ತೋರಿಸಿ" ಎಂದರು. ನಾನು ಬಾಲದ ಹತ್ತಿರ ಹೋಗಿ ತೋರಿಸಿದೆ. ಕಾಕ ನನಗೆ ಒಪ್ಪಿಸಿ ನಮಾಜಿಗೆ ಹೋದಾಗ ಕಟ್ಟಿದ್ದು ಎಂದೂ ಹೇಳಿದೆ. ಜಿಡ್ಡಿನ ಕಪ್ಪಿನಲ್ಲಿ ದಾರದ ಕಪ್ಪು ಅವರಿಗೂ ಸುಲಭದಲ್ಲಿ ಕಾಣಲಿಲ್ಲ. ಬೆಳಗ್ಗೆ ಪೈಲೆಟು ಪರೀಕ್ಷೆಗೆಂದು ಪೆಡಲು ತುಳಿದು ನೋಡಿದ್ದರಂತೆ. ಅಷ್ಟಕ್ಕೇ ದಾರದ ತುದಿ ರಾಟೆಯೊಳಗೆ ಒಂದು ಸುತ್ತು ಎಳೆದುಕೊಂಡಿತ್ತು. ಆ ರಾಟೆಯ ಮೇಲೆ ಹೋಗುವ ಉಕ್ಕಿನ ಹಗ್ಗವೇ ಹೆಲಿಕಾಪ್ಟರನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದು ಎಂದು ಅವರು ಹೇಳಿದರು.

"ಬಿದ್ದುಬಿಡ್ತಿತ್ತಾ?" ಎಂದು ಕೇಳಿದೆ.

"ಏನೂ ಆಗದೇ ಇರಬಹುದಿತ್ತು. ಆಗಲೂಬಹುದಿತ್ತು. ನನ್ನ ಕೆಲಸ ಇರುವುದು ಅವೆರಡರ ನಡುವೆ." ಅವರು ದಾರವನ್ನು ಕತ್ತರಿಸಲಿಲ್ಲ. ಉಗುರಿನಿಂದ ಒಂದೊಂದೇ ಗಂಟು ಬಿಚ್ಚಿದರು, ಮೂರನ್ನೂ. ಬಿಚ್ಚುತ್ತಲೇ, "ಎರಡು ಯಾಕೆ?" ಎಂದು ಕೇಳಿದರು.

"ಮೊದಲಿನದ್ದು ಪೈಲೆಟಿಗೆ."

"ಇದು?"

ನಾನು ಅವರ ಬೆರಳಿನಲ್ಲಿದ್ದ ದಾರವನ್ನೇ ನೋಡಿದೆ. ಗಂಟು ಬಿಚ್ಚುತ್ತಿದ್ದ ಅವರ ಕೈ ಒಮ್ಮೆ ನಿಂತು, ಮತ್ತೆ ಗಂಟಿಗೆ ಹೋಯಿತು.

ಮ್ಯಾನೇಜರು ಬಂದು ಹೆಸರು ಕೇಳಿದರು. ಇನ್ಸ್‌ಪೆಕ್ಟರು ಪುಸ್ತಕದಲ್ಲಿ ಬರೆಯುತ್ತ ಹೇಳಿದರು. "ಎರಡು ದಾರ ಇದ್ದವು, ತೆಗೆಯಲಾಗಿದೆ. ಕಟ್ಟಿದವರು ತಾವಾಗಿಯೇ ಬಂದು ತೋರಿಸಿದರು. ಇದರಲ್ಲಿ ಹೆಸರಿಗೆ ಜಾಗ ಇಲ್ಲ. ಮತ್ತೆ, ಆ ಕಾವಲಿನವರು ಜಾಗವನ್ನು ಖಾಲಿ ಬಿಟ್ಟು ಹೋಗಿರಲಿಲ್ಲ, ಒಬ್ಬರಿಗೆ ಒಪ್ಪಿಸಿ ಹೋಗಿದ್ದರು. ಅವರು ಇಲ್ಲಿ ಇರಲಿ. ಅವರನ್ನು ಬದಲಾಯಿಸಿದರೆ ನಾನು ಮೈದಾನದ ಪರೀಕ್ಷೆಯನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ." ಹಾಗೆಂಬ ನಿಯಮ ನಿಜವಾಗಿ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮ್ಯಾನೇಜರಿಗೂ ಗೊತ್ತಿರಲಿಲ್ಲ, ಅದು ಒಳ್ಳೆಯದೇ ಆಯಿತು.

ಕಾಕ ಮಸೀದಿಯಿಂದ ಬಂದಾಗ ನಾನು ಗೇಟಿನಲ್ಲಿ ನಿಂತಿದ್ದೆ. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಅಳುವೇ ಬಂತು.

"ನಿಮ್ಮ ಹೆಸರು ಹೇಳಿದ್ರೆ ಊರು ಸುಮ್ಮನೆ ಬಿಡ್ತಿತ್ತಾ ಟೀಚರೇ?" ಎಂದರು ಅವರು. "ಕಾವಲು ಅಂದ್ರೆ ಬರೀ ಹೆಲಿಕಾಪ್ಟರ್ ಕಾಯುದಾ? ನೀವು ಬಂದು ಹೇಳ್ತೀರಿ ಅಂತ ಗೊತ್ತಿತ್ತು ನಂಗೆ. ಸ್ವಲ್ಪ ತಡ ಮಾಡಿದ್ರಿ, ಅಷ್ಟೇ."

ಆ ಎರಡನೆಯ ದಾರ ಏನಾಯಿತು ಎಂದು ನಾನು ನೋಡಿರಲಿಲ್ಲ. ಮರುದಿನ ಬೆಳಗ್ಗೆ ಇನ್ಸ್‌ಪೆಕ್ಟರು ಎಂದಿನಂತೆ ಜಗಲಿಯಲ್ಲಿ ಟವೆಲು ಹಾಸಿದರು. ಪೆನ್ನು, ಬಾಚಣಿಗೆ, ಪರ್ಸು, ಕೈಗಡಿಯಾರ, ಬೀಗದ ಕೈ, ಕನ್ನಡಕದ ಪೆಟ್ಟಿಗೆ, ನಶ್ಯದ ಡಬ್ಬಿ. ಆಮೇಲೆ ಅಂಗಿಯ ಎಡಗಡೆ ಜೇಬಿನಿಂದ, ಬೆರಳಿಗೆ ಸುತ್ತಿದ್ದ ಹಾಗೆ ಉಂಗುರವಾಗಿ ಮಡಚಿದ ಕಪ್ಪು ದಾರ. ನಾನು ಬಾಗಿಲಲ್ಲಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಪ್ರತಿದಿನದ ಹಾಗೆ ಗಟ್ಟಿಯಾಗಿ, "ಎಂಟು" ಎಂದರು.

ಅದಾಗಿ ಆರು ದಿನ ಅವರು ಇದ್ದರು. ಆರು ದಿನವೂ ಎಂಟು. ಮಳೆ ಶುರುವಾಗುವ ಮೊದಲು ಮದ್ದು ಬಿಟ್ಟು ಮುಗಿಯಿತು. ಹೋಗುವ ದಿನ ಗಾಳಿಚೀಲವನ್ನು ಕಂಬದಿಂದ ಇಳಿಸಿ ಮಡಚಿ ನನಗೆ ಕೊಟ್ಟು, "ಗಟ್ಟಿ ಹೊಲಿಗೆ" ಎಂದರು. ನಾನು, "ಪುನಃ ಬರುದುಂಟಾ?" ಎಂದು ಕೇಳಿದೆ. "ಕಳಿಸಿದರೆ ಬರುತ್ತೇನೆ" ಎಂದರು. ಯಾರೂ ಕಳಿಸಲಿಲ್ಲ. ಮುಂದಿನ ವರ್ಷ ತೋಟದವರು ನೆಲದ ಮೇಲಿನಿಂದಲೇ ಪಂಪಿನಲ್ಲಿ ಮದ್ದು ಬಿಟ್ಟರು. ಆ ಬೇಸಗೆಯೂ ರಜೆಯಲ್ಲಿ ನಾನು ಪುತ್ತೂರಿಗೆ ಹೋಗದೆ, ಶಾಲೆಯ ಬೀಗದ ಕೈ ನನ್ನ ಹತ್ತಿರವೇ ಇರಲಿ ಎಂದು ಕೇಳಿ ಇಟ್ಟುಕೊಂಡೆ. ಒಂದು ಕಾಗದ ಬರೆಯಬಹುದಿತ್ತು. ಏನೆಂದು ಬರೆಯುವುದು ಎಂದು ಯೋಚಿಸುತ್ತಲೇ ಎರಡು ವರ್ಷ ಕಳೆಯಿತು.

ಮೂರನೆಯ ವರ್ಷ ನನಗೆ ಮದುವೆಯಾಯಿತು. ನನ್ನ ಯಜಮಾನರು ಒಳ್ಳೆಯವರು, ಅಂಚೆ ಇಲಾಖೆಯಲ್ಲಿದ್ದವರು. ಮಂಗಳೂರಿನ ಕಡೆಗೆ ಹೋಗುವ ವಿಮಾನ ಕಂಡರೆ, "ನೋಡು, ನಿನ್ನ ಇನ್ಸ್‌ಪೆಕ್ಟ್ರು ಹೋದ್ರು" ಎಂದು ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ದಾರದ ಕಥೆ ಅವರಿಗೆ ಗೊತ್ತಿತ್ತು. ಎಂಟರ ಕಥೆಯನ್ನು ಮಾತ್ರ ನಾನು ಅವರಿಗೂ ಹೇಳಿರಲಿಲ್ಲ. ಮೂವತ್ತು ವರ್ಷ ಮಕ್ಕಳ ಕಾಪಿಪುಸ್ತಕಗಳಲ್ಲಿ ಕೆಂಪು ಶಾಯಿಯಿಂದ "ಇವತ್ತಿಗೆ ಸರಿ" ಎಂದೇ ಬರೆದೆ. ಒಬ್ಬ ಸಾಹೇಬರು ಅದನ್ನು ಆಕ್ಷೇಪಿಸಿ, ಬರೀ "ಸರಿ" ಎಂದರೆ ಸಾಲದೇ ಎಂದು ಕೇಳಿದ್ದರು. ಸಾಲುವುದಿಲ್ಲ ಎಂದು ಹೇಳಿದೆ.

ಕಳೆದ ತಿಂಗಳು ಸುಬ್ರಹ್ಮಣ್ಯಕ್ಕೆ ಹೋಗಿದ್ದೆ. ಯಾರೋ ದೊಡ್ಡವರು ದೇವರ ದರ್ಶನಕ್ಕೆ ಹೆಲಿಕಾಪ್ಟರಿನಲ್ಲಿ ಬಂದಿದ್ದರು, ಮೈದಾನದ ಸುತ್ತ ಹಗ್ಗ ಕಟ್ಟಿ ಜನ ನಿಂತಿದ್ದರು. ಹಗ್ಗದ ಒಳಗೆ, ಒಂದು ಮರದ ಬುಡದಲ್ಲಿ, ನಲವತ್ತರ ಹತ್ತಿರದ ಒಬ್ಬರು ಟವೆಲು ಹಾಸಿ ಜೇಬಿನ ಸಾಮಾನು ಇಡುತ್ತಿದ್ದರು. ಅವರು ಕೆಲಸ ಮುಗಿಸಿ ಬರುವವರೆಗೂ ಬಿಸಿಲಲ್ಲಿ ಕಾದೆ. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದಾಗ ಅವರು ಒಂದು ಹೆಸರು ಹೇಳಿದರು. ಅಷ್ಟು ವರ್ಷದ ಮೇಲೆ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ನಮಗೆಲ್ಲ ಕೆಲಸ ಕಲಿಸಿದವರು. ಹೋದ ವರ್ಷ ತೀರಿಕೊಂಡರು. ನಿಮಗೆ ಅವರು ಗೊತ್ತೇ?"

"ಈ ಕಡೆಗೆ ಒಮ್ಮೆ ಬಂದಿದ್ರು" ಎಂದೆ. ಆಮೇಲೆ, "ಅವರ ಟವೆಲಿನ ಮೇಲೆ ಎಷ್ಟು ಸಾಮಾನು ಇರ್ತಿತ್ತು?" ಎಂದು ಕೇಳಿದೆ.

ಎಂಥ ಪ್ರಶ್ನೆ ಎಂಬಂತೆ ಅವರು ನಕ್ಕರು. "ಎಂಟು. ಏಳು ನಮಗೆ ಅರ್ಥ ಆಗುತ್ತಿತ್ತು. ಎಂಟನೆಯದು ಒಂದು ಹಳೇ ದಾರದ ತುಂಡು, ಬಣ್ಣವೆಲ್ಲ ಮಾಸಿ ಬೂದು ಆಗಿತ್ತು. ಇದೊಂದನ್ನು ಮನೆಯಲ್ಲೇ ಬಿಟ್ಟು ಬರಬಾರದೇ ಸಾರ್, ಎಣಿಸುವ ಕೆಲಸ ಕಡಿಮೆಯಾಗುತ್ತದೆ ಅಂತ ಒಮ್ಮೆ ಹೇಳಿದೆ."

"ಅದಕ್ಕೆ ಎಂತ ಹೇಳಿದ್ರು?"

"ಇದು ಕಳೆದರೆ ನಾನು ಇಡೀ ಯಂತ್ರ ಬಿಚ್ಚಿಯೇನು, ಅಂದರು."

ಅವರನ್ನು ಯಾರೋ ಕರೆದರು, ಹೋದರು. ನಾನು ಬಸ್‌ಸ್ಟ್ಯಾಂಡಿಗೆ ಬಂದೆ. ಸುಳ್ಯದ ಬಸ್ಸು ಹೊರಡಲು ತಯಾರಾಗಿ ನಿಂತಿತ್ತು. ಚೀಲವನ್ನು ಕಲ್ಲಿನ ಮೇಲಿಟ್ಟು, ಮುಂದಿನ ಚಕ್ರದಿಂದ ಶುರುಮಾಡಿ, ಬಸ್ಸಿಗೆ ಒಂದು ಸುತ್ತು ಬಂದೆ. ಕಣ್ಣಲ್ಲಿ ನೀರು ತುಂಬಿ ಒಂದು ನಟ್ಟೂ ಸರಿಯಾಗಿ ಕಾಣಲಿಲ್ಲ. ಹಾಗಾಗಿ ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿದೆ.

"ಎಂತ ಅಮ್ಮ, ಎಂತಾದ್ರೂ ಕಳೆದುಹೋಯ್ತಾ?" ಎಂದು ಕಂಡಕ್ಟರ್ ಕೇಳಿದ.

"ಇಲ್ಲ ಮಗ" ಎಂದು ಹತ್ತಿ ಕೂತೆ. "ಎಲ್ಲ ಉಂಟು."